ಡಯೋಡು

ಓಡಿದರೂ ಎಲ್ಲಿಗೂ ತಲುಪಿಸದ ಯಂತ್ರವೊಂದನ್ನು
ಮಡಿಕೇರಿ ಹೊರಗಿನ ಯಾವುದೋ ರೆಸಾರ್ಟು ಗುಜರಿಗೆ ಹಾಕಿತ್ತು.
ಬೆಲ್ಟು ಹರಿದಿದೆ, ಮೋಟರು ಗಟ್ಟಿ, ಅಂದ ಮೊಯ್ದು ಕಾಕ,
ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟ.
ನಾಲ್ಕೂಕಾಲು ಕಿಲೋ.
ಎಷ್ಟು ಜನರ ಬೊಜ್ಜು ಇಳಿಸಿ
ಇಷ್ಟು ಭಾರವಾಯಿತೋ ಇದು.

ಆರಿಂಚಿನ ಪೈಪು ಸೀಳಿ ಮೂರು ರೆಕ್ಕೆ.
ಮೂರನೆಯದರಲ್ಲಿ ಗರಗಸ ಜಾರಿ ಅರ್ಧ ಅಂಗುಲ ಹೋಯಿತು,
ಸಮವಾಗಲಿ ಎಂದು
ಉಳಿದೆರಡನ್ನೂ ಅಷ್ಟೇ ಕುಂಟು ಮಾಡಿದೆ.
ಬಾಲಕ್ಕೆ, ಮುಚ್ಚಿಹೋದ ಹೋಂಸ್ಟೇಯ ತಗಡಿನ ಬೋರ್ಡು:
ಗಾಳಿ ತಿರುಗಿದ ಹಾಗೆಲ್ಲ
'ರೂಮು ಖಾಲಿ ಇದೆ' ಎಂದು
ಒಮ್ಮೆ ಕೋಟೆಬೆಟ್ಟಕ್ಕೆ ಹೇಳುತ್ತದೆ, ಒಮ್ಮೆ ಪುಷ್ಪಗಿರಿಗೆ.

ಇದೆಲ್ಲ ದೇಚಕ್ಕನ ಅಂಗಡಿಗಾಗಿ.
ಮಾಂದಲಪಟ್ಟಿ ದಾರಿಯ ಒಂದು ತಿರುವು, ನೀಲಿ ಟಾರ್ಪಾಲು.
ಕರೆಂಟು ಕಂಬ ಮೂರು ಮೈಲಿ ಕೆಳಗೇ
ಏದುಸಿರು ಬಿಟ್ಟು ನಿಂತಿದೆ.
ನಾಲ್ಕೂವರೆಗೆ ಜೀಪುಗಳು ಬರುತ್ತವೆ, ಸೂರ್ಯನನ್ನು ನೋಡಲು.
ಸೂರ್ಯನಿಗಿಂತ ಮೊದಲು ಆಮ್ಲೆಟ್ ಮೂಡಬೇಕು.
"ಕತ್ತಲಲ್ಲಿ ಒಡೆದ ಮೊಟ್ಟೆ ಒಳ್ಳೆಯದೋ ಕೆಟ್ಟದ್ದೋ
ಮೂಗಿನಲ್ಲೇ ನೋಡಬೇಕು ಮಾರಾಯ.
ಟಾರ್ಚು ಹಿಡಿಯುವುದಕ್ಕೆ ಮೂರನೇ ಕೈ ಉಂಟಾ?
ನೆಗಡಿಯಾದ ದಿನ ಎಂತ ಮಾಡಲಿ?"
ಇಷ್ಟೇ ಅವಳ ಅರ್ಜಿ.
ಯಾವ ಇಲಾಖೆಗೂ ಕೊಟ್ಟದ್ದಲ್ಲ, ನನಗೆ.

ಬ್ಯಾಟರಿ ಕಾಕನ ಜೀಪಿನದು, ನಿವೃತ್ತ.
ಏರಿನಲ್ಲಿ ಸ್ಟಾರ್ಟು ಎತ್ತಲಾರದು,
ಒಂದು ಬಲ್ಬನ್ನು ಸೊಂಟದ ಮೇಲೆ ಹೊತ್ತುಕೊಂಡೀತು.

ಪುತ್ತರಿ ಕಳೆದ ಮೇಲಿನ ಮೂಡುಗಾಳಿ.
ಕಂಬ ಎತ್ತಿದೆವು, ಮೂರು ಕಡೆ ತಂತಿ ಎಳೆದು.
ಈ ಬೆಟ್ಟದ ಮೇಲೆ ಎಷ್ಟು ಗಾಳಿ ಹಾಗೇ ಹೋಗಿದೆ,
ಟೋಪಿ ಹಾರಿಸಿ, ಟಾರ್ಪಾಲು ಹರಿದು, ಒಲೆ ಆರಿಸಿ!
ಇವತ್ತು ಹೋಗುವಾಗ
ಸ್ವಲ್ಪ ಬಿಟ್ಟು ಹೋಯಿತು.
ಮೀಟರಿನ ಅಂಕಿ ಅರ್ಧ ದಿನ ಹನ್ನೊಂದು ಮುಕ್ಕಾಲಿನಲ್ಲೇ ಕೂತು
ಸಂಜೆಗೆ ಎದ್ದಿತು. ಹನ್ನೆರಡು. ಹನ್ನೆರಡೂಕಾಲು.
ಕಾಕ ಅದನ್ನು ಹಾಲು ಉಕ್ಕುವುದನ್ನು ಕಾಯುವವನಂತೆ
ಬಗ್ಗಿ ನೋಡುತ್ತಿದ್ದ.

ನಾಲ್ಕನೇ ರಾತ್ರಿ ಗಾಳಿ ಬಿತ್ತು.
ದೇಚಕ್ಕ ಜೀಪಿನ ಬಾಗಿಲು ಬಡಿದು ಎಬ್ಬಿಸಿದಳು:
"ಏಳಿ, ಅದನ್ನು ಯಾರೋ ತಿರುಗಿಸ್ತಿದ್ದಾರೆ."
ಹುಲ್ಲು ಅಲ್ಲಾಡುತ್ತಿರಲಿಲ್ಲ.
ಬೆಂಕಿಕಡ್ಡಿ ಗೀರಿದಳು, ಉರಿ ನೆಟ್ಟಗೆ ನಿಂತಿತು.
ಮೇಲೆ, ಮಂಜಿನೊಳಗೆ, ಮೂರು ರೆಕ್ಕೆ
ನಿಧಾನ, ಯಾವ ಅವಸರವೂ ಇಲ್ಲದೆ.
ಕಾಕ ಬಿಸ್ಮಿ ಹೇಳಿದ.
ನಾನು ಮೀಟರು ಇಟ್ಟೆ. ಹನ್ನೊಂದೂವರೆ, ಇನ್ನೂ ಇಳಿಯುತ್ತಿದೆ.

ಡಯೋಡು ಹಾಕಿರಲಿಲ್ಲ.
ಬಂದದ್ದು ವಾಪಸು ಹೋಗದ ಹಾಗೆ ಕದವಿಕ್ಕುವ
ಎರಡು ಕಾಳುಮೆಣಸಿನಷ್ಟು ಸಾಮಾನು.
ಮೂರು ದಿನ ಗಾಳಿ ತುಂಬಿಸಿದ್ದನ್ನು
ಬ್ಯಾಟರಿ ಈಗ ಗಾಳಿಗೇ ಬಡಿಸುತ್ತಿತ್ತು,
ಯಾರೂ ಕೇಳದೆ, ಯಾರಿಗೂ ಹೇಳದೆ.

ತಂತಿ ಕಳಚಲು ಕೈ ಹಾಕಿದೆ.
"ಇರಲಿ ಬಿಡು, ಸ್ವಲ್ಪ ಹೊತ್ತು" ಅಂದಳು.
ಮೂವರೂ ಕತ್ತು ಎತ್ತಿ ನಿಂತೆವು,
ಕೆಳಗಿನ ತಿರುವಿನಲ್ಲಿ ಮೊದಲ ಜೀಪಿನ ದೀಪ ಕಾಣುವವರೆಗೆ.
ಆ ದಿನದ ಆಮ್ಲೆಟ್ಟುಗಳೂ ಮೂಗಿನ ಲೆಕ್ಕದವೇ.

ಮಡಿಕೇರಿಯಲ್ಲಿ ಅದಕ್ಕೆ ಹದಿನೆಂಟು ರೂಪಾಯಿ.
ಈಗ ಗಾಳಿ ಇಲ್ಲದ ರಾತ್ರಿ ರೆಕ್ಕೆ
ಸುಮ್ಮನೆ ನಿಂತಿರುತ್ತದೆ, ಸರಿಯಾಗಿ, ಎಲ್ಲದರಂತೆ.
ಬಲ್ಬು ಉರಿಯುತ್ತದೆ.
ದೇಚಕ್ಕ ಅದರಡಿ ಮೊಟ್ಟೆ ಒಡೆದು, ಬೆಳಕಿಗೆ ಹಿಡಿದು,
ನೋಡಿ,
ಆಮೇಲೆ ಮೂಸುತ್ತಾಳೆ.