ಅರವತ್ತು ಹೆಜ್ಜೆ

ಅಲ್ಸೀಡ್ ಗಾಜಿನ ಕಪಾಟು ತೆರೆದು
ಒಂದೊಂದೇ ದುರ್ಬೀನು ತೆಗೆದು ಮಲಗಿಸುತ್ತಾನೆ,
ಬಟ್ಟೆ ಹಾಸಿ, ಹಸುಗೂಸುಗಳ ಹಾಗೆ.
ಇದು ಹನ್ನೆರಡು ಪಟ್ಟು, ಇದು ಹದಿನಾರು,
ಇದರಲ್ಲಿ, ಕೊರಿನ್, ನದಿಯಾಚೆ ಕೆನಡಾದವರು
ಒಣಹಾಕಿದ ಅಂಗಿಯ ಗುಂಡಿ ಎಣಿಸಬಹುದು ನೀನು.

ಕೆನಡಾದ ಗುಂಡಿ ಕಟ್ಟಿಕೊಂಡು ನನಗೇನು?
ನಮ್ಮ ಸೀಡರ್ ಜೌಗಿನಲ್ಲಿ ಅರವತ್ತು ಹೆಜ್ಜೆಯಾಚೆ
ದೇವರೂ ಕಾಣುವುದಿಲ್ಲ.
ಮರಕ್ಕೆ ಮರ ಒತ್ತಿ ನಿಂತಿರುತ್ತದೆ
ಇಗರ್ಜಿಯ ಹಿಂಬಾಗಿಲಲ್ಲಿ ಗಂಡಸರು ನಿಂತ ಹಾಗೆ,
ಒಳಗೂ ಇಲ್ಲ, ಹೊರಗೂ ಇಲ್ಲ.
ಆ ಸಂದಿಯಲ್ಲಿ ಜಿಂಕೆ ಬಂದರೆ ಬಂತು,
ಉಸಿರು ಹಿಡಿದು ನಾಲ್ಕು ಎಣಿಸುವಷ್ಟು ಹೊತ್ತು.
ಹದಿನಾರು ಪಟ್ಟು ಹಿಗ್ಗಿಸಿದರೆ ಅದು ಜಿಂಕೆಯೇ ಅಲ್ಲ,
ಬರಿಯ ಕಂದು ಕಂಬಳಿ.
ಹೆಗಲೆಲ್ಲಿ, ತೊಡೆಯೆಲ್ಲಿ, ಹುಡುಕುವಷ್ಟರಲ್ಲಿ
ಕಂಬಳಿ ಎದ್ದು ಹೋಗಿರುತ್ತದೆ.

ಹಾಸಿಗೆ ಇದ್ದಷ್ಟು ಕಾಲು,
ಕಾಡು ಇದ್ದಷ್ಟು ಕಣ್ಣು.
ಕೈಯಲ್ಲಿರುವುದು ನೂರಿಪ್ಪತ್ತು ಡಾಲರು:
ಹಾಕಿ ಆಡುವ ಹುಡುಗರನ್ನು ಶಾಲೆಯ ಬಸ್ಸಿನಲ್ಲಿ
ಒಯ್ದು ತಂದ ಮೂರು ಶನಿವಾರ,
ಅವರ ಕಾಲುಚೀಲದ ವಾಸನೆ ಸಮೇತ.

ಅಗ್ಗದ್ದು ತಗೋಬೇಡ, ಎನ್ನುತ್ತಾನೆ ಲೂಡ್ಜರ್,
ನನ್ನಣ್ಣ, ಹೀಟರಿನ ಪಕ್ಕದ ಸ್ಟೂಲಿನಿಂದ.
ಹುಬ್ಬಿನ ಮೇಲೆ ಅವನಿಗೊಂದು ಗುರುತಿದೆ,
ಕಣ್ಣಿಗೆ ತೀರ ಹತ್ತಿರ ಕೂರಿಸಿದ ದುರ್ಬೀನು
ಗುಂಡು ಹಾರಿದಾಗ ಹಿಂದೆ ನುಗ್ಗಿ
ಮಾಡಿದ ಅರ್ಧಚಂದ್ರ ಪ್ರಯೋಗ.
ಅಂಗೈಯಗಲ ಜಾಗ ಬಿಡು, ಎನ್ನುತ್ತಾನೆ.
ಬಿಡುತ್ತೇನೆ. ಮುಂದೆ?
ಮುಂದೆ ಏನೂ ಇಲ್ಲ. ಅವನಿಗೆ ಗೊತ್ತಿರುವುದು ಅಷ್ಟೇ.

ಇಷ್ಟು ವರ್ಷ ಇಲ್ಲದ್ದು ಈಗೇಕೆ, ಎಂದ ಅಲ್ಸೀಡ್.
ವಯಸ್ಸು, ಎಂದೆ. ಸುಳ್ಳಲ್ಲ.
ನಳಿಗೆಯ ತುದಿಯ ಹಲ್ಲು, ಹಿಂದಿನ ಸೀಳು,
ಅದರಾಚೆ ಜಿಂಕೆಯ ಹೆಗಲು, ಮೂರೂ
ತಾವಾಗಿ ಸಾಲಿಗೆ ಬರುತ್ತಿದ್ದವು,
ನನ್ನ ಬಸ್ಸು ಕಂಡ ಮಕ್ಕಳ ಹಾಗೆ.
ಈಗ ಹಲ್ಲು ಕಂಡರೆ ಹೆಗಲಿಲ್ಲ,
ಹೆಗಲು ಕಂಡರೆ ಹಲ್ಲಿಲ್ಲ.

ಹೇಳದೆ ಉಳಿಸಿದ್ದು ಇದು:
ಹೋದ ನವೆಂಬರು, ಸಂಜೆ, ನಾಲ್ಕು ಗಂಟೆಯ ಕತ್ತಲು,
ಕೊಂಬೆಗಳ ನಡುವೆ ಒಂದು ಕಂದು ಮಸುಕು.
ಬೆರಳಿಟ್ಟೆ.
ಮಸುಕು ಕೆಮ್ಮಿತು.
ಪಕ್ಕದ ಜಮೀನಿನ ಎವಾರಿಸ್ಟ್, ಕಿತ್ತಳೆ ಕೋಟು ಬಿಚ್ಚಿ
ಅದನ್ನೇ ಮಡಿಸಿ ಅಡಿಗೆ ಹಾಕಿ, ಕೊರಡಿನ ಮೇಲೆ ಕೂತು
ತಣ್ಣಗಾದ ಆಲೂಗಡ್ಡೆ ತಿನ್ನುತ್ತಿದ್ದ.
ನಾನು ಮನೆಗೆ ಬಂದು ಗುಂಡು ತೆಗೆದು
ಒಂದೊಂದಾಗಿ ಸಕ್ಕರೆ ಡಬ್ಬಿಗೆ ಹಾಕಿದೆ.
ಏಕೆ ಸಕ್ಕರೆ ಡಬ್ಬಿಗೋ, ಇವತ್ತಿಗೂ ತಿಳಿಯದು.
ಆ ಋತುವಿನಲ್ಲಿ ಮತ್ತೆ ಕಾಡಿಗೆ ಹೋಗಲಿಲ್ಲ.
ಮೊಣಕಾಲು ನೋವು ಎಂದೆ, ಕೇಳಿದವರಿಗೆ.

ಮೂಲೆಯಲ್ಲೊಂದು ಹಳೆಯದಿತ್ತು,
ಯಾರೋ ಬಳಸಿ ಬಿಟ್ಟದ್ದು, ಮೈಮೇಲೆ ಗೀರು,
ನಾಲ್ಕೇ ಪಟ್ಟು, ಹೆಚ್ಚಿಲ್ಲ ಕಡಿಮೆಯಿಲ್ಲ,
ತಿರುಗಿಸಲು ಬಳೆಯೂ ಇಲ್ಲ.
ಗಾಜಿಗೆ ಬಾಯಿಯ ಹಬೆ ಬಿಟ್ಟು
ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಎಂದು ಎಣಿಸಿದೆ.
ಬಾಗಿಲಿಗೆ ಒಯ್ದು, ಬಂದೂಕಿಲ್ಲದ ಬರಿಯ ಕೊಳವೆ,
ಬೆಳಕು ಸೋರುತ್ತಿದ್ದ ಬೀದಿಗೆ ಹಿಡಿದೆ.

ಅಂಚೆ ಕಚೇರಿ. ಮೆಟ್ಟಿಲಿನ ಉಪ್ಪು.
ನಾಯಿ, ನಾಯಿಯ ಹಗ್ಗ, ಹಗ್ಗದ ತುದಿಗೆ
ಎವಾರಿಸ್ಟ್,
ಟೋಪಿಯಿಂದ ಬೂಟಿನವರೆಗೆ ಇಡಿಯಾಗಿ,
ಸುತ್ತ ಇನ್ನೂ ಜಾಗವಿತ್ತು.
ಕೆಮ್ಮಿದ. ಸದ್ದು ಇಲ್ಲಿಯತನಕ ಬರಲಿಲ್ಲ.
ಅಡ್ಡಗೆರೆ ಅವನ ಮೇಲೆ ಕೂರುವ ಮೊದಲೇ
ಕೈ ಇಳಿಸಿದೆ.

ಮೊದಲು ಬರಿಗಣ್ಣು, ಆಮೇಲೆ ಬಂದೂಕು:
ಇದನ್ನು ಯಾವ ಗಾಜೂ ಕಲಿಸುವುದಿಲ್ಲ, ಗೊತ್ತು.
ಆದರೂ.

ತೊಂಬತ್ತು, ಎಂದ ಅಲ್ಸೀಡ್. ಕೂರಿಸುವ ಉಂಗುರಕ್ಕೆ ಬೇರೆ.
ಉಂಗುರದಲ್ಲೇ ನೀವೆಲ್ಲ ದುಡ್ಡು ಮಾಡುವುದು, ಎಂದೆ,
ಐದು ಡಾಲರು ಬಿಡು.