ಬಿರಡೆ

ಬುಧವಾರ ಪೇಟೆಯ ನನ್ನ ರಿಪೇರಿ ಅಂಗಡಿಗೆ
ಜರ್ಮನಿಯ ಹುಡುಗಿ ತಂದಿಟ್ಟದ್ದು
ಹಿಡಿ ತಿರುವಿದರೆ ನರಳುವ ಪೆಟ್ಟಿಗೆ,
ಬೀಸುಕಲ್ಲಿಗೂ ಪಿಟೀಲಿಗೂ ಹುಟ್ಟಿದ ಕೂಸು.

ಅದರ ತಂತಿ ಪುಣೆಯಲ್ಲೆಲ್ಲಿ ಸಿಗಬೇಕು?
ಗದಗಿನಿಂದ ಅಪ್ಪ ಹೊತ್ತು ತಂದ,
ಯಾರೂ ಕೊಳ್ಳದ ಸಾರಂಗಿಯ ನರ ಬಿಚ್ಚಿ ಬಿಗಿದೆ.
ಮುನ್ನೂರು ಕೇಳಿದೆ. ಇನ್ನೂರು ಕೊಟ್ಟು ನಕ್ಕಳು.

ಎರಡು ವರ್ಷಕ್ಕೆ ಅಂಚೆಯಲ್ಲಿ ಒಂದು ಸಿಡಿ.
ಮನೆಯಲ್ಲಿ ಯಂತ್ರವಿಲ್ಲ;
ಗಾಯಕವಾಡನ ಟೆಂಪೋದಲ್ಲಿ ಕೂತು ಕೇಳಿದೆ.
ಡೋಲು, ಚರ್ಮದ ಚೀಲದ ಕೊಳಲು, ಯಾವುದೋ ಅರಬ್ಬೀ ಲಯ:
ಮದುವೆಮನೆಯಿಂದ
ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿ ಹೊರಟಂತೆ,
ಆದರೂ ಯಾರೂ ಎಡವಲಿಲ್ಲ.

ಐದನೆಯ ಹಾಡಿಗೆ ಬಂತು
ನನ್ನ ತಂತಿ,
ಕೂದಲೆಳೆಯಷ್ಟು ಶ್ರುತಿ ಇಳಿದು.

‘ಛಾನ್’ ಅಂದ ಗಾಯಕವಾಡ.
ನಾನೋ, ಡ್ಯಾಶ್‌ಬೋರ್ಡಿನ ಮೇಲೆ
ಇಲ್ಲದ ಬಿರಡೆ ತಿರುವುತ್ತಿದ್ದೆ.