ಕೆಲಸದ ವಿವರ

ಆದೋನಿಯ ಜಿನ್ನಿಂಗ್ ಮಿಲ್ಲಿನ ಗುಮಾಸ್ತ ನಾನು.
ನಾಳೆ ಲೇಬರ್ ಆಫೀಸಿನವರು ಬರುತ್ತಾರೆ,
ಮೂರು ವರ್ಷದ ರಿಜಿಸ್ಟರು ಇವತ್ತೇ ತುಂಬಬೇಕು.
ಒಂದೇ ಶಾಯಿಯಾದರೆ ಗೊತ್ತಾಗುತ್ತದೆಂದು
ನಾಲ್ಕು ಪೆನ್ನು ತಂದಿದ್ದೇನೆ.

ಹುಸೇನಪ್ಪ: ಅಂಡಿಗೆ ಎತ್ತುವುದು. ಆರುನೂರು.
ಉರುಕುಂದಮ್ಮ: ಅಂಡಿಗೆ ಹಿಡಿಯುವುದು. ಮುನ್ನೂರೈವತ್ತು.

ಅದೇ ಅಂಡಿಗೆ. ಆ ತುದಿಗೆ ಅವನು, ಈ ತುದಿಗೆ ಅವಳು.
ಸಾಹುಕಾರರು ಹೇಳಿಕೊಟ್ಟ ವ್ಯಾಕರಣ:
ಕ್ರಿಯಾಪದ ಬೇರೆಯಾದರೆ ಕೂಲಿಯೂ ಬೇರೆ.

ಹೆಬ್ಬೆಟ್ಟಿಗೆ ಕರೆದೆ. ಬಂದಳು, ಹುಬ್ಬಿಗೆಲ್ಲ ಅರಳೆ.
"ನನ್ನ ಸಾಲು ಓದ್ರಿ."
ಓದಿದೆ.
"ಹಿಡಿಯೋದಾ?
ಹಂಗಾರ ನಾಳೆ ಅವರ ಮುಂದ
ಬರೇ ಹಿಡಕಂಡು ನಿಂದ್ರತೀನಿ.
ಎತ್ತಲಿ ಅವ."

ಅವಳ ಹೆಬ್ಬೆಟ್ಟಿನ ಮನೆ ಖಾಲಿ ಬಿಟ್ಟು
ಪುಟ ತಿರುವಿದೆ.
ಮುಂದಿನ ಸಾಲು ನಾಗೂರಬಿಯದು.
ಅಂಡಿಗೆ ಹಿ
ಅಂತ ಬರೆದು
ಪೆನ್ನು ಬದಲಿಸುತ್ತಿದ್ದೇನೆ, ಇನ್ನೂ.